ನಾನು ಕಾರು

"ಊರಿಗೆ ಊರಿನ ಗುರ್ತು ಇರಲಾರದ ಕಾಲದಾಗ, ಎಲ್ಲಾ ಗಾಡಿಗೋಳೂ ಕೂಡಿ ಒಬ್ಬ ಫಕೀರನ ಮುಂದ ಹೋಗಿ ನಿಂತುವಂತ," ಎಂದಳು ಶಗುಫ್ತಾ. "ಆವಾಗ ಯಾವ ಗಾಡಿಗೂ ದಾರಿನ ಇದ್ದಿದ್ದಿಲ್ಲ. ದೋಣಿ ಅಂತು, ನನಗ ನೀರು ಕೊಡು. ಫಕೀರ ಕೊಟ್ಟ. ವಿಮಾನ ಅಂತು, ನನಗ ಮುಗಿಲು ಕೊಡು. ಅದನ್ನೂ ಕೊಟ್ಟ. ರೈಲಗಾಡಿ ಭಾಳ ಹಟಮಾರಿ. ನನ್ನ ದಾರಿಮ್ಯಾಲೆ ಮತ್ತ್ಯಾರೂ ಬರಬಾರದು ಅಂತು. ಅದಕ್ಕ ಕಬ್ಬಿಣದ ದಾರಿ ಕೊಟ್ಟ. ಎಲ್ಲಾರದೂ ಮುಗದ ಮ್ಯಾಲೆ ಉಸ್ ಉಸ್ ಅನಕೋತ ಯಾರು ಬಂದ್ರು ಹೇಳ್ರಿ ನೋಡೂಣು?"

"ಚಕ್ಕಡಿ," ಎಂದು ಇಪ್ಪತ್ತಾರು ಬಾಯಿಗಳು ಕೂಗಿದವು.

"ಹೂಂ. ಚಕ್ಕಡಿಗೆ ಕೊಡಾಕ ಫಕೀರನ ಹಂತೇಕ ಏನೂ ಉಳದಿದ್ದಿಲ್ಲ. ಬರೇ ಧೂಳಿತ್ತು. ಅದನ್ನ ಕೊಟ್ಟ."

ಅದು ಅವಳ ಅಜ್ಜಿಯ, ನಾನಿಯ ಕತೆ. ನಾನಿ ಹೇಳುವಾಗ ಅದರಲ್ಲಿ ಪ್ರಾಣಿಗಳಿದ್ದವು. ಶಗುಫ್ತಾ ಪ್ರಾಣಿಗಳನ್ನು ಇಳಿಸಿ ಗಾಡಿಗಳನ್ನು ಹತ್ತಿಸಿದ್ದಳು. ಖಾನಾಪುರದ ಆ ಸಣ್ಣ ಖಾಸಗಿ ಬಾಲವಾಡಿಗೆ ಜೂನ್ ತಿಂಗಳಲ್ಲಿ ಸೇರಿದಾಗಿನಿಂದ ಪಾಠಕ್ಕೆಲ್ಲ ಹೀಗೆ ಒಂದು ಕತೆ ತೊಡಿಸುವುದು ಅವಳ ರೂಢಿಯಾಗಿತ್ತು. ಈ ವಾರದ ಪಾಠದ ಚಾರ್ಟು ಗೋಡೆಯ ಮೇಲಿತ್ತು: 'ಸಾರಿಗೆಯ ವಿಧಗಳು'. ಸೋಮವಾರ ಅದನ್ನು ಓದಿ ಹೇಳಿದಾಗ ಒಬ್ಬ, "ಸಾರಿಗೆ ಏನ್ ಹಾಕಬೇಕ್ರಿ ಟೀಚರ, ಉಪ್ಪೋ ಹುಣಸಿಹಣ್ಣೋ?" ಎಂದು ಕೇಳಿದ್ದ. ಅಂದಿನ ಪಾಠ ಸಾರಿನಲ್ಲೇ ಮುಗಿದಿತ್ತು.

ಚಾರ್ಟಿನಲ್ಲಿದ್ದ ಗಾಡಿಗಳೆಲ್ಲ ತೊಳೆದಿಟ್ಟ ಬಟ್ಟಲುಗಳ ಹಾಗಿದ್ದವು. ಒಂದರೊಳಗೂ ಮನುಷ್ಯರಿರಲಿಲ್ಲ. ದಿನಾ ಬೆಳಿಗ್ಗೆ ಬೆಳಗಾವಿಯ ಕ್ಯಾಂಪ್ ಬಡಾವಣೆಯಿಂದ ಹೊರಟು ಎಂಟರ ಬಸ್ಸು ಹಿಡಿದು ಬರುವ ಶಗುಫ್ತಾಗೆ ಬಸ್ಸೆಂದರೆ ಬೇರೆಯೇ ಗೊತ್ತಿತ್ತು. ಕಿಟಕಿಯ ಕೆಳಗೆ ಹೊರಮೈಯುದ್ದಕ್ಕೂ ಇಳಿದು ಒಣಗಿದ ಗುಟ್ಕಾದ ಕೆಂಪು. ಹಿಡಿದರೆ ಅಂಗೈಗೆ ಅಂಟುವ ಕಂಬಿ. ಬೆಳ್ಳಂಬೆಳಿಗ್ಗೆ ಬೇಯಿಸಿದ ಮೊಟ್ಟೆ ಸುಲಿದು ಸಿಪ್ಪೆಯನ್ನು ಕಾಲಬುಡಕ್ಕೆ ಉದುರಿಸುವ ಯಾರೋ. ಸೀಟಿನ ಸ್ಪಂಜಿನೊಳಗೆ ಇಳಿದು ಕೂತ, ಯಾವ ಫಿನಾಯಿಲಿಗೂ ಹೊರಬಾರದ ಹಳೆಯ ಹುಳಿವಾಸನೆ. ಅವಳು ದುಪಟ್ಟಾದ ಚುಂಗನ್ನು ಮೂಗಿಗೊತ್ತಿಕೊಂಡು, ನಾನಿಯ ಯಾವುದಾದರೂ ಕತೆಯೊಳಗೆ ಹೊಕ್ಕು, ಖಾನಾಪುರ ಬಂದಾಗ ಹೊರಬರುತ್ತಿದ್ದಳು. ದೇವರು ಈ ಹುಡುಗಿಗೆ ಪರಿಲೋಕದ ಕಿನ್ನರಿಯರ ಮೂಗು ಕೊಟ್ಟು ಮನುಷ್ಯರ ನಡುವೆ ಬಿಟ್ಟಿದ್ದಾನೆ ಎಂದು ನಾನಿ ಅನ್ನುತ್ತಿದ್ದುದು ಸುಳ್ಳೇನಲ್ಲ.

"ಚಾರ್ಟಿನ್ಯಾಗ ವಡಾಪ ಇಲ್ರಿ ಟೀಚರ," ಎಂದ ಅಮರ. ವಡಾಪ ಅಂದರೆ ಎಂಟು ಜನರ ಜಾಗದಲ್ಲಿ ಹದಿನೆಂಟು ಜನರನ್ನು ತುರುಕಿಕೊಂಡು ಹಳ್ಳಿಹಳ್ಳಿಗೆ ಓಡುವ ಬಾಡಿಗೆ ಜೀಪು. ಶಗುಫ್ತಾ ಕೆಳಗಿನ ಖಾಲಿ ಜಾಗದಲ್ಲಿ ಪೆನ್ಸಿಲಿನಿಂದ ಒಂದು ಜೀಪು ಬರೆದಳು. ಹಿಂದೆ ಜೋತಾಡುವ ನಾಲ್ವರನ್ನೂ ಬರೆದಳು.

ಶುಕ್ರವಾರ ಪಾಲಕರ ಮುಂದೆ ಮಕ್ಕಳೆಲ್ಲ ಒಂದೊಂದು ಗಾಡಿಯಾಗಿ ಬರಬೇಕಿತ್ತು. ಮರುದಿನ ಎಲ್ಲರನ್ನೂ ಬೆಳಗಾವಿಯಾಚೆ ಸಾಂಬ್ರಾಕ್ಕೆ ಒಯ್ದು ವಿಮಾನ ಇಳಿಯುವುದನ್ನು ತೋರಿಸುವುದು ಎಂದು ಹೆಡ್‌ಮಿಸ್ ಪ್ರಮಿಳಾ ಮೇಡಂ ಠರಾಯಿಸಿದ್ದರು. ಶಗುಫ್ತಾ ವಹಿ ತೆರೆದು ಯಾರು ಏನಾಗುತ್ತೀರಿ ಎಂದು ಕೇಳುತ್ತ ಬಂದಳು. ಅಮರ ವಿಮಾನ. ಇನ್ನಿಬ್ಬರು ಬಸ್ಸು. ಸಪ್ನಾಳ ಸರದಿ ಬಂದಾಗ, ಅವಳು ಬಾಯಿ ತೆರೆಯುವ ಮೊದಲೇ ಹಿಂದಿನ ಸಾಲಿನಿಂದ ದನಿ ಬಂತು.

"ಸಪ್ನಾ ಕಾರೂ, ಟೀಚರ."

"ಹೌದ್ರಿ, ಸಪ್ನಾ ಕಾರೂ," ಎಂದರು ಉಳಿದವರು, ಬಾಯಿಗೆ ಕೈ ಅಡ್ಡ ಹಿಡಿದು.

ಆ ಹೆಸರಿನಿಂದ ಅವಳನ್ನು ಕರೆಯುವುದನ್ನು ಶಗುಫ್ತಾ ಮೊದಲೂ ಕೇಳಿದ್ದಳು. ಸಪ್ನಾಳ ಮನೆ ಗೋವಾ ರಸ್ತೆಯ ಬದಿಗೆ. ಗೋಡೆಯತ್ತ ಮುಖ ಮಾಡಿ ಕೂತಿದ್ದರೂ ಹೊರಗೆ ಹೋದದ್ದು ಲಾರಿಯೋ ಟ್ರ್ಯಾಕ್ಟರೋ ವಡಾಪೋ ಎಂದು ಸದ್ದಿನ ಮೇಲೆ ಹೇಳುವ ಹುಡುಗಿ. ಗಾಡಿಯ ಹುಚ್ಚಿಗೆ ಇಟ್ಟ ಪ್ರೀತಿಯ ಹೆಸರಿರಬೇಕು ಎಂದುಕೊಂಡಿದ್ದಳು.

"ಆಗ್ತಿಯೇನ ಸಪ್ನಾ, ಕಾರು?"

ಸಪ್ನಾ ಚಾರ್ಟಿನ ವಿಮಾನವನ್ನು ನೋಡಿದಳು, ಆಮೇಲೆ ಟೀಚರನ್ನು ನೋಡಿದಳು, ಹೂಂ ಎನ್ನುವ ಹಾಗೆ ತಲೆಯಾಡಿಸಿದಳು. ಶಗುಫ್ತಾ ದುಂಡಗಿನ ಅಕ್ಷರದಲ್ಲಿ ಬರೆದುಕೊಂಡಳು: ಸಪ್ನಾ – ಕಾರು.

ಸಪ್ನಾಳ ತಾಯಿ ಲಕ್ಷ್ಮೀ ಹೆಂಚಿನ ಕಾರ್ಖಾನೆಯಲ್ಲಿ ಹಸಿ ಹೆಂಚು ಹೊರುವ ಕೆಲಸದವಳು. ರಟ್ಟು ಕತ್ತರಿಸಿ ಕೂರಲು ಅವಳಿಗೆ ಪುರುಸೊತ್ತಿಲ್ಲವೆಂದು ಸಪ್ನಾಳ ಕಾರನ್ನು ಶಗುಫ್ತಾಳೇ ಮಾಡಿದಳು. ಬಿಸ್ಕಿಟಿನ ದೊಡ್ಡ ಪೆಟ್ಟಿಗೆಗೆ ಕೆಂಪು ಗಾಳಿಪಟದ ಕಾಗದ, ಗಾಲಿಗೆ ಕಾಗದದ ತಾಟು, ಹೆಗಲಿಗೆ ತೂಗಿಸಲು ದಾರ. ಎದೆಯ ಮೇಲೆ ಬರುವಂತೆ ದೊಡ್ಡದಾಗಿ ಬರೆದಳು: ನಾನು ಕಾರು.

ಶುಕ್ರವಾರ ಪಾಲಕರು ಒತ್ತೊತ್ತಾಗಿ ಕೂತಿದ್ದರು. ಮುಂದಿನ ಕುರ್ಚಿಯಲ್ಲಿ ಅಮರನ ಅಪ್ಪ ಬಾಳಾಸಾಹೇಬ. ಆ ಖೋಲಿಯ ನಾಲ್ಕೂ ಫ್ಯಾನು ಅವರು ಕೊಟ್ಟದ್ದು. ವಿಮಾನ ಬಂತು, ಬಸ್ಸು ಬಂತು, ದೋಣಿಯೊಂದು ನಡುವೆ ಮಾತು ಮರೆತು ತಾಯಿಯನ್ನು ನೋಡಿ ಅತ್ತಿತು. ಎಲ್ಲರಿಗೂ ಚಪ್ಪಾಳೆಯಾಯಿತು. ಸಪ್ನಾ ಪೆಟ್ಟಿಗೆಯನ್ನು ಎರಡೂ ಕೈಯಿಂದ ಎತ್ತಿ ಹಿಡಿದು ನಡುಮಧ್ಯಕ್ಕೆ ಬಂದು, ಕಲಿಸಿದ ಹಾಗೆ ಗಟ್ಟಿಯಾಗಿ ಹೇಳಿದಳು:

"ನಾನು ಕಾರು."

ನಗು ಹಿಂದಿನಿಂದ ಎದ್ದಿತು. ಸಾಲಿನಿಂದ ಸಾಲಿಗೆ ದಾಟಿ ಮುಂದಿನ ಕುರ್ಚಿಗಳಿಗೆ ಬಂತು. "ಖರೇನ ಹೇಳಿದ್ಲ ಬಿಡ," ಎಂದಳು ಒಬ್ಬ ತಾಯಿ. ಬಾಜೂದವಳು ಸೆರಗಿನಿಂದ ಮೂಗು ಮುಚ್ಚಿದ ಹಾಗೆ ನಟಿಸಿ ಹಿಂದಕ್ಕೆ ಸರಿದಳು. ಅದಕ್ಕೆ ಮತ್ತೊಂದು ನಗು. ಪ್ರಮಿಳಾ ಮೇಡಂ ಕರವಸ್ತ್ರದೊಳಗೆ ನಗುತ್ತಿದ್ದರು, ಭುಜ ಕುಣಿಯುತ್ತಿದ್ದವು. ಸಪ್ನಾ ನಗು ನಿಲ್ಲಲಿ ಎಂದು ಕಾದಳು. ನಿಲ್ಲಲಿಲ್ಲ. ನಗುವಿನೊಳಗೇ ಅವಳು ಉಳಿದೆರಡು ಮಾತು ಹೇಳಿದಳು: "ನನಗೆ ನಾಲ್ಕು ಗಾಲಿ ಇವೆ. ನನ್ನೊಳಗೆ ಐದು ಜನ ಕೂಡಬಹುದು." ಯಾರ ಕಿವಿಗೂ ಬೀಳದ ಆ ಮಾತು ಮುಗಿಸಿ ಕೈ ಮುಗಿದು ಹಿಂದೆ ಸರಿದಳು.

ಶಗುಫ್ತಾಗೆ ಏನೂ ತಿಳಿಯಲಿಲ್ಲ. ಪೆಟ್ಟಿಗೆ ಹರಿದಿದೆಯೇ, ಚಡ್ಡಿ ಕಾಣುತ್ತಿದೆಯೇ ಎಂದು ನೋಡಿದಳು. ಹಿತ್ತಲಿನ ನಲ್ಲಿಯಲ್ಲಿ ಶಾಲೆಯ ಆಯಾ ಶಿವಲಿಂಗವ್ವ ಚಹಾದ ಕಪ್ಪು ತೊಳೆಯುತ್ತಿದ್ದಳು.

"ಯಾಕ ನಕ್ರು ಶಿವಲಿಂಗವ್ವ?"

ಶಿವಲಿಂಗವ್ವ ಅವಳ ಮುಖವನ್ನು ಒಂದು ಗಳಿಗೆ ನೋಡಿದಳು. "ನಿಮಗ ಖರೇನ ಗೊತ್ತಿಲ್ಲೇನ್ರಿ ಬಾಯಾರ?"

"ಏನು?"

"ಕಾರೂದು ಅಂದ್ರ… ನಿಮ್ಮ ಮನ್ಯಾಗ ಉಲ್ಟಿ ಅಂತೀರಲ್ರಿ, ಅದು. ಹ್ವಾದ ವರ್ಷ ಕೂಸಿಗೆ ಜ್ವರಾ ಬಂದಿತ್ತು. ದವಾಖಾನಿಗೆ ಒಯ್ಯಾಕ ಹತ್ತಿದ್ರು, ಮೇಡಂ ಅವರ ಹೊಸಾ ಕಾರಿನ್ಯಾಗ ಎಲ್ಲಾ ಕಾರಿಕೊಂಡ್ಲು. ತೊಳದಾಕಿ ನಾನ. ಮೂರು ಸರತೆ ತೊಳಿಸಿದ್ರು. ಆವತ್ತಿಂದ ಅದಕ್ಕ ಕಾರೂ ಅಂತ ಹೆಸರಿಟ್ಟಾರ, ಸಣ್ಣವರೂ ಅಂತಾರ, ದೊಡ್ಡವರೂ ಅಂತಾರ."

ಶಗುಫ್ತಾ ಕನ್ನಡ ಕಲಿತದ್ದು ಏಳನೆಯ ಇಯತ್ತೆಯ ನಂತರ, ಪುಸ್ತಕದಲ್ಲಿ; ಊರ ಮಾತಿನ ಧಾಟಿ ಬಂದದ್ದು ಆಮೇಲೆ, ಕೇಳಿ ಕೇಳಿ. ಪುಸ್ತಕದಲ್ಲಿ 'ವಾಂತಿ' ಇತ್ತು, 'ಕಾರು' ಇರಲಿಲ್ಲ.

"ನನಗ್ಯಾಕ ಮೊದಲ ಹೇಳಲಿಲ್ಲ ನೀ?"

"ನೀವು ಬೇಕಂತನ ಕೊಟ್ಟೀರಿ ಅಂತ ತಿಳಕೊಂಡಿದ್ದೆ," ಎಂದಳು ಶಿವಲಿಂಗವ್ವ, ಕಪ್ಪುಗಳನ್ನು ಬೋರಲು ಹಾಕುತ್ತ.

ಶಗುಫ್ತಾ ನಲ್ಲಿಗೆ ಬಾಗಿ ಉಗುಳಿದಳು, ಬಾಯಿ ಮುಕ್ಕಳಿಸಿದಳು, ಮತ್ತೆ ಉಗುಳಿದಳು. ಒಳಗಿನಿಂದ ಚಹಾ, ಚೂಡಾ, ಅತ್ತರು, ಬೆವರು ಕೂಡಿದ ವಾಸನೆ ಬರುತ್ತಿತ್ತು. ಐದು ವರ್ಷದ ಕೂಸನ್ನು ನೋಡಿ ಹೊಟ್ಟೆ ಹಿಡಿದು ನಕ್ಕ ಬಾಯಿಗಳೀಗ ಚೂಡಾ ಅಗಿಯುತ್ತಿದ್ದವು. ಅವುಗಳಲ್ಲಿ ಒಂದನ್ನೂ ನೋಡಲಾರೆ ಅನ್ನಿಸಿತು. ಆದರೆ ನಾನು ಕಾರು ಎಂದು ಬರೆದ ಅಕ್ಷರ ಯಾರದು?

ಸಪ್ನಾ ಜಗುಲಿಯ ತುದಿಗೆ ಪೆಟ್ಟಿಗೆ ತೆಗೆಯದೇ ಕೂತಿದ್ದಳು.

"ಟೀಚರ, ನಾ ಬರೋಬ್ಬರಿ ಹೇಳಿದ್ನಿಲ್ಲ?"

"ಬರೋಬ್ಬರಿ ಹೇಳಿದಿ."

"ಮತ್ತ ನಾಳಿಗೆ ವಿಮಾನ ನೋಡಾಕ ನನ್ನೂ ಕರಕೊಂಡ ಹೋಗ್ತೀರೇನ್ರಿ? ಮೇಡಂ ಅವರು ನನ್ನ ಒಯ್ಯಾಂಗಿಲ್ಲ ಅನ್ನಾಕ ಹತ್ಯಾರ."

"ನಾ ಒಯ್ತೀನಿ."

"ಆಣಿ?"

"ಆಣಿ," ಎಂದಳು ಶಗುಫ್ತಾ.

ಪ್ರಮಿಳಾ ಮೇಡಂ ಒಪ್ಪಲಿಲ್ಲ. ಅವರು ಸಿಟ್ಟಾಗಲಿಲ್ಲ, ಬದಲಿಗೆ ತಿಳಿಹೇಳುವ ದನಿ ತೆಗೆದರು. "ಶಗುಫ್ತಾ, ನೀವು ಹೊಸಬ್ರು. ಎಲ್ಲಾ ಹುಡುಗೋರೂ ಹೊಸಾ ಅರಿವಿ ಹಾಕ್ಕೊಂಡು ಬರ್ತಾವ. ಅದೊಂದು ಕಾರಿತಂದ್ರ ಅದನ್ನ ನೋಡಿ ಸಾಲಹಿಡಿದು ಎಲ್ಲಾವೂ ಸುರು ಮಾಡ್ತಾವ. ನನ್ನ ಗಾಡ್ಯಾಗ ಇನ್ನೂ ಆ ವಾಸನಿ ಐತಿ, ಗೊತ್ತೇನು? ನೀವು ತೊಳೀತೀರಾ?"

ತೊಳೆಯುತ್ತೇನೆ ಎಂಬ ಮಾತು ನಾಲಿಗೆಯ ತನಕ ಬಂತು. ಅದರ ಹಿಂದೆಯೇ ಬಸ್ಸಿನ ಸೀಟಿನ ಹುಳಿವಾಸನೆ ನೆನಪಾಯಿತು. ಶಗುಫ್ತಾಳ ಕೈ ದುಪಟ್ಟಾದ ಚುಂಗಿಗೆ ಹೋಯಿತು. ಮೇಡಂ ಮುಗುಳ್ನಕ್ಕು ಹಾಜರಿ ಪುಸ್ತಕ ಮುಚ್ಚಿದರು.

ಶನಿವಾರ ಸಪ್ನಾ ತಲೆಗೆ ಎಣ್ಣೆ ಹಚ್ಚಿಸಿಕೊಂಡು, ಕೈಯಲ್ಲಿ ಡಬ್ಬಿ ಹಿಡಿದು ಎಲ್ಲರಿಗಿಂತ ಮೊದಲು ಬಂದಿದ್ದಳು. ಬಸ್ಸು ಹೊರಟಾಗ ಶಿವಲಿಂಗವ್ವ ಅವಳ ರಟ್ಟೆ ಹಿಡಿದು ಗೇಟಿನೊಳಗೆ ನಿಂತಿದ್ದಳು. ಹುಡುಗಿ ಅಳಲಿಲ್ಲ. ಬಸ್ಸಿನ ಕಿಟಕಿಗಳನ್ನು ಒಂದೊಂದಾಗಿ ನೋಡುತ್ತ ಬಂದಳು. ಟೀಚರ ಕೂತ ಕಿಟಕಿ ಬಂದಾಗ ಶಗುಫ್ತಾ ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡಳು.

ಮಚ್ಛೆಯ ಕಾರ್ಖಾನೆಗಳ ಹತ್ತಿರ ಅಮರ ವಾಂತಿ ಮಾಡಿದ. ಕಿತ್ತಳೆ ಬಣ್ಣದ ಪೇಯ, ಅರೆಬರೆ ಅಗಿದ ಕುರುಕಲು, ಎಲ್ಲ ಪ್ರಮಿಳಾ ಮೇಡಂ ಸೀರೆಯ ನಿರಿಗೆಯ ಮೇಲೆ. "ಅಯ್ಯ, ಪಾಪ, ಬಿಸಲ ಹತ್ತೇತಿ ಕೂಸಿಗೆ," ಎಂದರು ಮೇಡಂ. ತಮ್ಮ ಕರವಸ್ತ್ರದಿಂದಲೇ ಅವನ ಬಾಯಿ ಒರೆಸಿದರು, ಗಲ್ಲ ಒರೆಸಿದರು, ಬೆನ್ನು ತಿಕ್ಕಿದರು. ಆಮೇಲೆ ಇನ್ನಿಬ್ಬರು. ಅವರಿಗೂ ಬಿಸಿಲೇ ಹತ್ತಿತ್ತು. ಯಾರೂ ಯಾರಿಗೂ ಹೆಸರಿಡಲಿಲ್ಲ. ಶಗುಫ್ತಾ ದುಪಟ್ಟಾವನ್ನು ಮೂಗಿಗೊತ್ತಿ ಹೊರಗೆ ನೋಡುತ್ತ ಕೂತಳು. ಮುಂದಿನ ಸೀಟಿನ ಪೋರಿ ನೀರು ಕೇಳಿದಾಗ ಬಾಟಲಿಯನ್ನು ಎರಡೇ ಬೆರಳಲ್ಲಿ ಹಿಡಿದು ಕೊಟ್ಟಳು. ಸಾಂಬ್ರಾದಲ್ಲಿ ವಿಮಾನ ಇಳಿದಾಗ ಮಕ್ಕಳು ಚೀರಿದರು, ಮೇಡಂ ಫೋಟೊ ಹೊಡೆದರು. ಅವಳಿಗೆ ಕಂಡದ್ದು ಮೇಡಂ ನಿರಿಗೆಯ ಮೇಲಿನ ಕಿತ್ತಳೆ ಕಲೆ ಮಾತ್ರ.

ಸೋಮವಾರ ಸಪ್ನಾ ಏನೂ ಕೇಳಲಿಲ್ಲ. ಕೇಳಿದ್ದರೆ ಉತ್ತರ ಕೊಡಬಹುದಿತ್ತು. ಮೂರು ಉತ್ತರಗಳನ್ನು ಶಗುಫ್ತಾ ಬಸ್ಸಿನಲ್ಲೇ ಹೆಣೆದು ತಂದಿದ್ದಳು. ಮಕ್ಕಳು ಇಡೀ ದಿನ ಕೈ ಚಾಚಿ ವಿಮಾನವಾಗಿ ಓಡಿದರು. ಸಪ್ನಾ ಗೋಡೆಯತ್ತ ಮುಖ ಮಾಡಿ ಕೂತಿದ್ದಳು. ಹೊರಗೆ ಭಾರದ ಸದ್ದೊಂದು ಹಾದುಹೋಯಿತು.

"ಏನ್ ಹೋತ ಸಪ್ನಾ, ಲಾರಿಯೇನ?"

"ಗೊತ್ತಿಲ್ರಿ."

ಮಂಗಳವಾರವೂ ಗೊತ್ತಿರಲಿಲ್ಲ, ಬುಧವಾರವೂ. ನಾನಿಯ ಕತೆಗಳಲ್ಲಿ ಮಾತು ಕೊಟ್ಟು ತಪ್ಪಿದವರು ಕಲ್ಲಾಗುತ್ತಿದ್ದರು, ಇಲ್ಲವೇ ಹಾವಾಗುತ್ತಿದ್ದರು. ತಪ್ಪಿದವರು ದಿನಾ ಎಂಟರ ಬಸ್ಸು ಹಿಡಿದು ಬಂದು ಹಾಜರಿ ಕರೆಯುತ್ತಾರೆ ಎಂದು ನಾನಿ ಹೇಳಿರಲಿಲ್ಲ. ಗುರುವಾರ ಶಾಲೆ ಬಿಟ್ಟ ಮೇಲೆ ಶಗುಫ್ತಾ ಸಪ್ನಾಳ ಮನೆಗೆ ಹೋದಳು.

ಲಕ್ಷ್ಮೀ ಕಾರ್ಖಾನೆಯಿಂದ ಬಂದು ಮೊಣಕೈತನಕದ ಕೆಮ್ಮಣ್ಣು ತೊಳೆಯುತ್ತಿದ್ದಳು. ಸಪ್ನಾಳನ್ನು ಬಸ್ಸಿನಲ್ಲಿ ಒಯ್ದು ವಿಮಾನ ತೋರಿಸುತ್ತೇನೆ ಎಂಬ ಮಾತು ಕೇಳಿ ಗಾಬರಿಯಾದಳು, ಮರಾಠಿ ಬೆರೆತ ಕನ್ನಡದಲ್ಲಿ ಬೇಡವೆಂದಳು. "ನಕೋರಿ ಬಾಯಾರ. ಆಕಿಗಿ ಗಾಡಿ ಲಾಗತೈತಿ. ನಿಮ್ಮ ಅರಿವಿ ಸಗಳೆ ಹೊಲಸ ಆಗ್ತಾವ."

ಗಾಡಿ ಲಾಗತೈತಿ. ಏನೋ ಗಾಳಿ ಸೋಕುವ ಹಾಗೆ, ದೃಷ್ಟಿ ತಗಲುವ ಹಾಗೆ. ಈ ಮಾತು ಶಗುಫ್ತಾಗೆ ತಿಳಿಯಿತು.

"ಆಗ್ಲಿ," ಎಂದಳು. "ರವಿವಾರ ಬರ್ತೀನಿ. ತಯಾರ ಮಾಡಿ ಇಡ್ರಿ."

ರವಿವಾರ ಹೊರಡುವಾಗ ಲಕ್ಷ್ಮೀ ಒಂದು ನಿಂಬೆಹಣ್ಣು, ಒಂದು ಹಳೆ ಸೀರೆಯ ತುಂಡು ಕೊಟ್ಟಳು. ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಕಿಟಕಿಯ ಚೌಕಟ್ಟು ತುಕ್ಕು ಹಿಡಿದು ಗಾಜು ಮಾತ್ರ ಸರಿಯಲಿಲ್ಲ. ಸಪ್ನಾ ನಿಂಬೆಹಣ್ಣನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚಿ ಕೂತಳು. ಪಕ್ಕದಲ್ಲಿ ಇಳಕಲ್ ಸೀರೆಯ ದಪ್ಪನೆಯ ಹೆಂಗಸೊಬ್ಬಳು ಬೆಳ್ಳುಳ್ಳಿ ಚಟ್ನಿಯ ಬುತ್ತಿ ಬಿಚ್ಚಿದಳು.

ದೇಸೂರಿನ ತನಕ ವಾಂತಿ ಬರಲಿಲ್ಲ. ಸಪ್ನಾಳ ಬೆನ್ನು ಒಮ್ಮೆ ಬಿಲ್ಲಾಯಿತು. ಶಗುಫ್ತಾ ಪ್ಲಾಸ್ಟಿಕ್ ಚೀಲ ಹಿಡಿದಳು. ಚೀಲದ ಮೂಲೆಯಲ್ಲಿ ತೂತಿತ್ತು. ಮೊದಲ ಸಲದ್ದು ಅವಳ ತೊಡೆಯ ಮೇಲೆ ಬಿಸಿಯಾಗಿ ಹರಡಿತು. ಎರಡನೆಯ ಸಲಕ್ಕೆ ಸೀರೆಯ ತುಂಡು ತೆಗೆಯುವಷ್ಟು ಸಮಯವಿರಲಿಲ್ಲ. ಅವಳು ಎರಡೂ ಕೈ ಕೂಡಿಸಿ ಬೊಗಸೆ ಮಾಡಿ ಹುಡುಗಿಯ ಗದ್ದದ ಕೆಳಗೆ ಹಿಡಿದಳು. ಅನ್ನದ ಅಗುಳು, ಹಾಲಿನ ಗಂಟು, ಲೋಳೆ. ಬೆರಳ ಸಂದಿಯಿಂದ ಇಳಿದು ಮುಂಗೈ ದಾಟಿ ತೋಳಿನೊಳಗೆ ಹೋಯಿತು. ಹೊಟ್ಟೆಯೊಳಗಿನಿಂದ ಅವಳಿಗೂ ಒತ್ತಿ ಬಂತು. ಕಣ್ಣಲ್ಲಿ ನೀರು ತುಂಬಿತು. ಅಸಹ್ಯ ಒಂದಿಷ್ಟೂ ಕಡಿಮೆಯಾಗಲಿಲ್ಲ. ಮುಖವನ್ನು ಆಚೆ ತಿರುಗಿಸಿಕೊಂಡೇ ಅವಳು ಬೊಗಸೆಯನ್ನು ಅಲ್ಲೇ ಹಿಡಿದಳು.

"ಏನ್ ಹೇಸಿಗಿ ಮಾಡ್ತೀರವಾ," ಎಂದು ಪಕ್ಕದವಳು ಬುತ್ತಿ ಕಟ್ಟಿಕೊಂಡು ಎದ್ದಳು. "ಉಣ್ಣೂ ಹೊತ್ತಿನ್ಯಾಗ. ಇಂಥಾ ಹುಡುಗೋರನ್ನ ಮನ್ಯಾಗ ಇಡಬೇಕು."

ಕಂಡಕ್ಟರ್ ಬಂದ. "ಏನ್ರಿ ಇದು? ಇಳೀರಿ, ಇಲ್ಲೇ ಇಳೀರಿ. ಈ ಗಾಡಿ ಮತ್ತ ಹಳ್ಯಾಳಕ್ಕ ಹೋಗೂದೈತಿ. ಯಾರು ತೊಳೀಬೇಕಿದನ್ನ?"

"ನಾ ತೊಳೀತೀನಿ."

"ಹೆಂಗ ತೊಳೀತೀರಿ?"

"ಸ್ಟ್ಯಾಂಡಿಗೆ ಮುಟ್ಟಿದ ಮ್ಯಾಲೆ ಒಂದು ಬಕೀಟ ಕೊಡ್ರಿ. ತೊಳದ ಇಳೀತೀನಿ."

ಕಂಡಕ್ಟರ್ ಅವಳ ಬೊಗಸೆ ನೋಡಿದ. ತನ್ನ ಚೀಲದಿಂದ ಹಳೆಯ ಪೇಪರು ತೆಗೆದು ಸೀಟಿನ ಮೇಲೆ ಒಗೆದು ಮುಂದೆ ಹೋದ.

"ಟೀಚರ," ಎಂದಳು ಸಪ್ನಾ ಸಣ್ಣ ದನಿಯಲ್ಲಿ, "ಸಿಟ್ಟ ಬಂತೇನ್ರಿ?"

"ಹೊಲಸ ನಾರಾಕ ಹತ್ತೇತಿ," ಎಂದಳು ಶಗುಫ್ತಾ. ಸುಳ್ಳು ಹೇಳಲು ಆಗಲಿಲ್ಲ. "ಸಿಟ್ಟ ಬಂದಿಲ್ಲ. ಇನ್ನೂ ಐತೇನ ಒಳಗ?"

"ಸ್ವಲ್ಪ ಐತ್ರಿ."

"ಕಾರು," ಎಂದಳು ಶಗುಫ್ತಾ. "ಎಲ್ಲಾ ಕಾರಿಬಿಡು."

ಬೆಳಗಾವಿಯ ಸ್ಟ್ಯಾಂಡಿನಲ್ಲಿ ಜನ ಇಳಿದ ಮೇಲೆ ಕಂಡಕ್ಟರ್ ಖರೇನೇ ಬಕೀಟು ತಂದುಕೊಟ್ಟ. ಸಪ್ನಾಳನ್ನು ಮೆಟ್ಟಿಲ ಮೇಲೆ ಕೂರಿಸಿ ಶಗುಫ್ತಾ ಸೀಟು ತೊಳೆದಳು, ನೆಲ ತೊಳೆದಳು. ರೆಗ್ಜಿನ್ ಹರಿದಲ್ಲಿ ಒಳಗೆ ಇಳಿದಿದ್ದನ್ನು ಬೆರಳಿನಿಂದ ತೆಗೆದಳು. ಯಾರದೋ ಹಳೆಯ ಮೊಟ್ಟೆಯ ಸಿಪ್ಪೆಯೂ ಬಂತು. ನಲ್ಲಿಯಲ್ಲಿ ಕೈ ತೊಳೆದು, ಕುರ್ತಾದ ಮುಂಭಾಗ ತೊಳೆದು, ಹುಡುಗಿಯ ಬಾಯಿ ತೊಳೆಸಿದಳು. ಸೋಪಿರಲಿಲ್ಲ. ಸಾಂಬ್ರಾದ ಸಿಟಿ ಬಸ್ಸಿನಲ್ಲಿ ಅವರಿಬ್ಬರ ಪಕ್ಕ ಯಾರೂ ಕೂರಲಿಲ್ಲ. ಸಪ್ನಾ ಮತ್ತೆರಡು ಸಲ ಕಾರಿದಳು. ಬರೇ ಹಳದಿ ನೀರು.

ತಂತಿಬೇಲಿಯ ಹತ್ತಿರ ಒಬ್ಬರೂ ಇರಲಿಲ್ಲ. ಬಿಸಿಲು ಏರಿತ್ತು. ಒದ್ದೆ ಕುರ್ತಾ ಮೈಮೇಲೆ ಒಣಗುತ್ತ ಒಣಗುತ್ತ ವಾಸನೆ ಹೆಚ್ಚಾಗುತ್ತಿತ್ತು. ಒಂದು ಗಂಟೆ ಹೋಯಿತು, ಇನ್ನೂ ಸ್ವಲ್ಪ ಹೊತ್ತು ಹೋಯಿತು. ಶಗುಫ್ತಾ ಅಂಗೈ ಮೂಸಿ ನೋಡಿ ಕೈಯನ್ನು ದೂರ ಹಿಡಿದಳು.

ಸಪ್ನಾ ಎದ್ದು ನಿಂತಳು. ಮುಗಿಲಿನ ತುದಿಯಲ್ಲಿ ಬಿಳಿ ಚುಕ್ಕೆಯೊಂದು ದೊಡ್ಡದಾಗುತ್ತ ಬಂತು, ಬೇಲಿಯ ಕಡ್ಡಿಗಳೆಲ್ಲ ಗುಂಯ್ ಎಂದವು. ಹೊಟ್ಟೆ ಕಾಣಿಸುತ್ತ ತಲೆಯ ಮೇಲೆ ಹಾದು ವಿಮಾನ ನೆಲಕ್ಕೆ ತಾಗಿತು, ಗಾಲಿಯಿಂದ ಹೊಗೆ ಎದ್ದಿತು. ಬಹಳ ದೂರ ಓಡಿ, ತಿರುಗಿ, ನಿಧಾನಕ್ಕೆ ಬಂದು ನಿಂತಿತು. ಸಪ್ನಾ ಚೀರಲಿಲ್ಲ. ಎರಡೂ ಕೈಯಿಂದ ತಂತಿ ಹಿಡಿದು, ಹಣೆಯನ್ನು ಅದಕ್ಕೊತ್ತಿ ನೋಡಿದಳು. ಮೆಟ್ಟಿಲು ಹಚ್ಚಿದರು, ಬಾಗಿಲು ತೆರೆಯಿತು. ಬೆರಳಿನಷ್ಟು ಉದ್ದದ ಜನ ಒಬ್ಬೊಬ್ಬರಾಗಿ ಇಳಿದು ಬಿಸಿಲಲ್ಲಿ ನಡೆದುಹೋದರು.

"ಮುಗೀತೇನ್ರಿ?"

"ಮುಗೀತು. ನೋಡಿದ್ಯಲ್ಲ?"

"ಇನ್ನೊಬ್ಬಾಕಿ ಅದಾಳ್ರಿ," ಎಂದಳು ಸಪ್ನಾ.

ಎಲ್ಲರೂ ಇಳಿದ ಮೇಲೆ, ನೀಲಿ ಅಂಗಿಯ ಹೆಂಗಸೊಬ್ಬಳು ಬಕೀಟು, ಕಸಬರಿಗೆ ಹಿಡಿದು ಮೆಟ್ಟಿಲು ಹತ್ತಿ ವಿಮಾನದೊಳಗೆ ಹೋದಳು.